ಹಳೆಯ ಕಂಪ್ಯೂಟರಿಗೊಂದು ಕಬ್ಬಿಣದ ಪಟ್ಟಿ

ಐದೂಕಾಲು ಇಂಚಿನ ಡ್ರೈವ್ ಒಂದನ್ನು ಕೈಗೆತ್ತಿಕೊಂಡು ಅದರ ಪಕ್ಕೆಯನ್ನು ನೋಡಿ. ಮುಂದೆ ಒಂದು, ಹಿಂದೆ ಒಂದು ಸ್ಕ್ರೂ ತೂತು ಕಾಣುತ್ತದೆ. ಅವೆರಡರ ನಡುವಿನ ಅಂತರ 79.25 ಮಿಲಿಮೀಟರ್. ನಲವತ್ತು ವರ್ಷ ಹಳೆಯ ಹಾರ್ಡ್ ಡಿಸ್ಕಿನಲ್ಲೂ ಅಷ್ಟೇ, ಇವತ್ತಿಗೂ ಅಂಗಡಿಯಲ್ಲಿ ಸಿಗುವ ಡಿವಿಡಿ ರೈಟರಿನಲ್ಲೂ ಅಷ್ಟೇ. ಒಳಗಿನ ಯಂತ್ರ ಎಷ್ಟೋ ಸಲ ಬದಲಾಗಿದೆ, ಹೊರಗಿನ ತೂತು ಅಲ್ಲೇ ಇದೆ. ಇಷ್ಟೆಲ್ಲ ಶಿಸ್ತಿದ್ದರೂ ಆ ತೂತುಗಳಿಗೂ ಕಂಪ್ಯೂಟರಿನ ಪೆಟ್ಟಿಗೆಗೂ ನಡುವೆ ಕೂರಬೇಕಾದ ಒಂದು ಜೊತೆ ಪಟ್ಟಿ ಕಳೆದುಹೋಗಿದ್ದರೆ ಡ್ರೈವ್ ನಿಲ್ಲುವುದಿಲ್ಲ.

ವಿರಾಜಪೇಟೆಯ ಸುತ್ತಮುತ್ತ ಅಟ್ಟ ಸೇರಿದ ಕಂಪ್ಯೂಟರುಗಳನ್ನು ಇಳಿಸಿ, ಒರೆಸಿ, ಮತ್ತೆ ನಡೆಯುವಂತೆ ಮಾಡುವ ಹವ್ಯಾಸ ನನ್ನದು. ಈ ಕೆಲಸದಲ್ಲಿ ಕೆಪಾಸಿಟರ್ ಹೋಗಿದ್ದರೆ ಹೊಸದು ಸಿಗುತ್ತದೆ. ಬೋರ್ಡಿನ ಮೇಲಿನ ಬ್ಯಾಟರಿ ಸೋರಿ ಹಸಿರು ಕಟ್ಟಿದ್ದರೆ ತೊಳೆದು, ತಿಂದುಹೋದ ಗೆರೆಗಳಿಗೆ ತಂತಿ ಬೆಸೆಯಬಹುದು. ಕೀಬೋರ್ಡನ್ನೂ ಬಿಚ್ಚಿ ಸರಿಮಾಡಬಹುದು. ಕೊನೆಗೆ ಕೆಲಸ ನಿಲ್ಲುವುದು ಡ್ರೈವನ್ನು ಹಿಡಿದುಕೊಳ್ಳುವ ಪಟ್ಟಿ, ರೈಲ್, ಬ್ರ್ಯಾಕೆಟ್ ಇವುಗಳ ಬಳಿ. ಕಚೇರಿ ಖಾಲಿ ಮಾಡುವಾಗ ಡ್ರೈವನ್ನು ಬೇರೆ ಎತ್ತಿಡುತ್ತಾರೆ, ಪೆಟ್ಟಿಗೆಯನ್ನು ಬೇರೆ ಕಡೆ ತಳ್ಳುತ್ತಾರೆ, ನಡುವಿನ ಪಟ್ಟಿ ಗುಜರಿಯವರ ತಕ್ಕಡಿಯಲ್ಲಿ ಕಬ್ಬಿಣದ ಲೆಕ್ಕಕ್ಕೆ ಹೋಗುತ್ತದೆ. ಹೆಸರು ಬರೆದಿರದ ಆ ತಗಡು ಯಾವ ಯಂತ್ರದ್ದೆಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಡ್ರೈವುಗಳ ಈ ಅಳತೆಗಳು ಎಲ್ಲಿಂದ ಬಂದವು ಎಂದು ತಿಳಿದಿದ್ದರೆ ಮುಂದಿನ ಕೆಲಸ ಸಲೀಸು. 1976ರಲ್ಲಿ ಅಮೆರಿಕದ ಶುಗಾರ್ಟ್ ಅಸೋಸಿಯೇಟ್ಸ್ ಎಸ್‌ಎ-400 ಎಂಬ ಫ್ಲಾಪಿ ಡ್ರೈವನ್ನು ಮಾರುಕಟ್ಟೆಗೆ ತಂದಿತು. ಐದೂಕಾಲು ಇಂಚಿನ ಫ್ಲಾಪಿ ಓದುವ ಈ ಡ್ರೈವಿನ ಅಗಲ ಐದೂಮುಕ್ಕಾಲು ಇಂಚು, ಎತ್ತರ ಮೂರೂಕಾಲು ಇಂಚು. ಅಲನ್ ಶುಗಾರ್ಟ್ ಮತ್ತು ಸಂಗಡಿಗರು ಆಮೇಲೆ ಕಟ್ಟಿದ ಸೀಗೇಟ್ ಕಂಪನಿ 1980ರಲ್ಲಿ ಎಸ್‌ಟಿ-506 ಎಂಬ ಹಾರ್ಡ್ ಡಿಸ್ಕ್ ತಂದಾಗ, ಅದನ್ನು ಆ ಫ್ಲಾಪಿ ಡ್ರೈವಿನ ಜಾಗದಲ್ಲೇ ಕೂರುವಂತೆ ಮಾಡಿತು. 5 ಮೆಗಾಬೈಟ್ ಹಿಡಿಯುತ್ತಿದ್ದ ಆ ಡಿಸ್ಕಿನ ತೂಕ ಸುಮಾರು ಎರಡು ಕಿಲೋ. ಕಂಪ್ಯೂಟರ್ ತಯಾರಕರು ಪೆಟ್ಟಿಗೆ ಬದಲಿಸದೆ ಫ್ಲಾಪಿ ತೆಗೆದು ಹಾರ್ಡ್ ಡಿಸ್ಕ್ ಕೂರಿಸಬಹುದಾಯಿತು. 1981ರ ಐಬಿಎಂ ಪಿಸಿ ಅದೇ ಗಾತ್ರವನ್ನು ಹಿಡಿಯಿತು. ಮುಂದೆ ಎತ್ತರ ಅರ್ಧಕ್ಕೆ ಇಳಿದು 41.3 ಮಿಲಿಮೀಟರ್ ಆಯಿತು, ಅಗಲ ಮಾತ್ರ 146 ಮಿಲಿಮೀಟರಿನಲ್ಲೇ ನಿಂತಿತು. 1983ರಲ್ಲಿ ಸ್ಕಾಟ್ಲೆಂಡಿನ ರೋಡೈಮ್ ಕಂಪನಿ ಮೂರೂವರೆ ಇಂಚಿನ ಹಾರ್ಡ್ ಡಿಸ್ಕ್ ಹೊರತಂದಿತು. ಆ ವರ್ಗದ ಡಿಸ್ಕುಗಳ ಅಗಲ ನಾಲ್ಕು ಇಂಚು, ಎಂದರೆ 101.6 ಮಿಲಿಮೀಟರ್.

ಡ್ರೈವಿನ ಅಳತೆಯಲ್ಲಿ ಎಲ್ಲರೂ ಒಂದಾದರು, ಅದನ್ನು ಪೆಟ್ಟಿಗೆಗೆ ಕಟ್ಟುವ ರೀತಿಯಲ್ಲಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ತೊಂದರೆಯ ಬೇರು ಇಲ್ಲಿದೆ. 1984ರ ಐಬಿಎಂ ಎಟಿಯಲ್ಲಿ ಡ್ರೈವಿನ ಎರಡೂ ಪಕ್ಕಕ್ಕೆ ರೈಲ್ ಕಟ್ಟಿ, ಪೆಟ್ಟಿಗೆಯ ಜಾಡಿನಲ್ಲಿ ಜಾರಿಸಿ, ಮುಂದಿನಿಂದ ಕ್ಲಿಪ್ ಹಾಕಿ ಬಿಗಿಯುವ ವ್ಯವಸ್ಥೆ. ಕಾಂಪ್ಯಾಕ್ ತನ್ನದೇ ಸ್ಕ್ರೂ, ತನ್ನದೇ ರೈಲ್ ಬಳಸಿತು. ಆಪಲ್ ಪ್ಲಾಸ್ಟಿಕ್ ತಟ್ಟೆ ಮಾಡಿತು, ಸನ್ ಮತ್ತು ಸಿಲಿಕಾನ್ ಗ್ರಾಫಿಕ್ಸ್ ತಮ್ಮ ತಮ್ಮ ಬ್ರ್ಯಾಕೆಟ್ ಮಾಡಿದವು. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹೊರದೇಶಗಳಲ್ಲಿ ಇಂಥ ಹಳೆಯ ಬ್ರ್ಯಾಕೆಟ್ ಸಿಕ್ಕರೂ ಅಲ್ಲಿಂದ ತರಿಸುವ ಸಾಗಣೆ ವೆಚ್ಚ ಇಲ್ಲಿ ತಗಡು ಕತ್ತರಿಸಿ ಮಾಡಿಸುವ ಖರ್ಚನ್ನು ಎಲ್ಲೋ ದಾಟಿಹೋಗಿರುತ್ತದೆ.

ನಮ್ಮಲ್ಲಿ ಅಂಥ ಯಂತ್ರಗಳು ಎಲ್ಲಿದ್ದವು ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಪಿಎಸ್‌ಐ ಡೇಟಾ ಸಿಸ್ಟಮ್ಸ್ ಕಂಪ್ಯೂಟರ್ ತಯಾರಿಸುತ್ತಿತ್ತು. ಮೈಸೂರಿನಲ್ಲಿ ವಿಪ್ರೊ ತಯಾರಿಸುತ್ತಿತ್ತು. 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂದ ಮೇಲೆ ಬ್ಯಾಂಕ್ ಶಾಖೆಗಳಿಗೆ ಲೆಡ್ಜರ್ ಬರೆಯುವ ಎಲೆಕ್ಟ್ರಾನಿಕ್ ಯಂತ್ರಗಳು ಬಂದವು, ಹಿಂದೆಯೇ ಪಿಸಿಗಳೂ ಬಂದವು. ಅದೇ ವರ್ಷದ ಕೇಂದ್ರದ ಕಂಪ್ಯೂಟರ್ ನೀತಿ ಬಿಡಿಭಾಗಗಳ ಆಮದನ್ನು ಸಡಿಲಿಸಿತು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ‘ಅಸೆಂಬಲ್ಡ್’ ಯಂತ್ರಗಳು ಜಿಲ್ಲೆ, ತಾಲ್ಲೂಕುಗಳಿಗೆ ಹರಡಿದವು. ತೋಟದ ಲೆಕ್ಕ, ಸಂಘದ ಸದಸ್ಯರ ಪಟ್ಟಿ, ಶಾಲೆಯ ಅಂಕಪಟ್ಟಿ, ಊರ ಹಬ್ಬದ ಸ್ಮರಣ ಸಂಚಿಕೆ ಇಂಥವೆಲ್ಲ ಅವುಗಳಲ್ಲಿ ಬರೆಯಲ್ಪಟ್ಟವು.

ಈ ಯಂತ್ರಗಳನ್ನು ಮತ್ತೆ ನಡೆಸಲು ಕನ್ನಡದವರಿಗೆ ಇನ್ನೊಂದು ಕಾರಣವೂ ಇದೆ. ಡಾಸ್ ಕಾಲದಲ್ಲಿ ಪರದೆಯ ಮೇಲೆ ಕನ್ನಡ ಮೂಡಿಸಲು ಜಿಸ್ಟ್ ಕಾರ್ಡ್ ಎಂಬ ಹಲಗೆಯನ್ನು ಕಂಪ್ಯೂಟರಿನೊಳಗೆ ಸಿಕ್ಕಿಸುತ್ತಿದ್ದರು. ಐಐಟಿ ಕಾನ್ಪುರದಲ್ಲಿ ಮೊಳೆತ ಆ ಕೆಲಸವನ್ನು ಸಿ-ಡ್ಯಾಕ್ ಬೆಳೆಸಿತು. ಭಾರತೀಯ ಭಾಷೆಗಳಿಗೆ ಇಸ್ಕಿ ಎಂಬ ಸಂಕೇತ ಕ್ರಮ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಆ ಕಾಲದ ಕನ್ನಡ ಕಡತಗಳು ಇವತ್ತಿನ ಯೂನಿಕೋಡಿನಲ್ಲಿ ಇಲ್ಲ, ಪರಿವರ್ತಿಸಿಕೊಳ್ಳಬೇಕು. ಪರಿವರ್ತಿಸುವ ಮೊದಲು ಡಿಸ್ಕಿನಿಂದ ಹೊರಗೆ ತೆಗೆಯಬೇಕು. 1980ರ ದಶಕದ ಎಂಎಫ್‌ಎಂ ಹಾರ್ಡ್ ಡಿಸ್ಕುಗಳಿಗೆ ತಾವೇ ಓದಿ ಹೇಳುವ ಬುದ್ಧಿ ಇಲ್ಲ. ಓದುವ ಲೆಕ್ಕವೆಲ್ಲ ಕಂಪ್ಯೂಟರಿನೊಳಗಿನ ಕಂಟ್ರೋಲರ್ ಕಾರ್ಡಿನಲ್ಲಿದೆ. ಒಂದು ಕಂಪನಿಯ ಕಾರ್ಡ್ ಬರೆದದ್ದನ್ನು ಇನ್ನೊಂದು ಕಂಪನಿಯ ಕಾರ್ಡ್ ಓದದೆ ಹೋಗುವುದು ಸಾಮಾನ್ಯ. ಹಾಗಾಗಿ ಡಿಸ್ಕ್ ತನ್ನ ಮನೆಗೆ, ತನ್ನ ಕಾರ್ಡಿನ ಜೊತೆಗೆ ಹಿಂದಿರುಗಿ ಭದ್ರವಾಗಿ ಕೂತರೇನೇ ಒಳಗಿರುವುದು ಹೊರಬರುವ ಭರವಸೆ ಇರುವುದು.

ಭದ್ರವಾಗಿ ಎಂದೆ. ಮೇಜಿನ ಮೇಲೆ ಡಿಸ್ಕನ್ನು ಬಿಡಿಯಾಗಿಟ್ಟು, ಕೇಬಲ್ ಸಿಕ್ಕಿಸಿ ನಡೆಸಿದರೆ ಆಗದೇ ಎಂದು ಅನೇಕರು ಕೇಳುತ್ತಾರೆ. ಒಂದು ಸಲದ ಪರೀಕ್ಷೆಗೆ ಆದೀತು, ನನಗೆ ಅದು ಸುತರಾಂ ಇಷ್ಟವಿಲ್ಲ. ಆ ಕಾಲದ ಬಹಳ ಜನಪ್ರಿಯ ಡಿಸ್ಕ್ ಸೀಗೇಟಿನ ಎಸ್‌ಟಿ-225. ಹಿಡಿಯುತ್ತಿದ್ದದ್ದು 20 ಮೆಗಾಬೈಟ್. ಒಳಗಿನ ತಟ್ಟೆಗಳು ನಿಮಿಷಕ್ಕೆ 3600 ಸುತ್ತು ತಿರುಗುತ್ತವೆ. ಓದುವ ತಲೆಯನ್ನು ಒಂದು ಸ್ಟೆಪ್ಪರ್ ಮೋಟರ್ ಹೆಜ್ಜೆ ಎಣಿಸಿ ತಂದು ನಿಲ್ಲಿಸುತ್ತದೆ. ನಿಂತ ಜಾಗದಲ್ಲಿ ಟ್ರ್ಯಾಕ್ ಇದೆಯೇ ಇಲ್ಲವೇ ಎಂದು ಪರೀಕ್ಷಿಸಿ ಸರಿಪಡಿಸಿಕೊಳ್ಳುವ ಏರ್ಪಾಡು ಅದರಲ್ಲಿಲ್ಲ. ಒಂದು ಟ್ರ್ಯಾಕಿನಿಂದ ಪಕ್ಕದ ಟ್ರ್ಯಾಕಿಗೆ ಇರುವ ದೂರ ಸುಮಾರು 0.043 ಮಿಲಿಮೀಟರ್. ಬ್ರ್ಯಾಕೆಟ್ ತಿರುಚಿಕೊಂಡಿದ್ದು, ಅದನ್ನೇ ನಾಲ್ಕು ಸ್ಕ್ರೂ ಹಾಕಿ ಜಗ್ಗಿ ಬಿಗಿದರೆ ಡಿಸ್ಕಿನ ಅಲ್ಯೂಮಿನಿಯಂ ಚೌಕಟ್ಟೂ ಅದರ ಜೊತೆ ತಿರುಚುತ್ತದೆ. ಕಣ್ಣಿಗೆ ಕಾಣದ ಅಷ್ಟು ತಿರುಚು ಸಾಕು, ಓದುವಾಗ ದೋಷ ತೋರಿಸಲು. ಡಿಸ್ಕ್ ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ಓದಿಸಿ ನೋಡಬೇಕು ಎಂಬುದು ಇದೇ ಕಾರಣಕ್ಕೆ. ಇಂಥ ಡಿಸ್ಕನ್ನು ಯಾವ ಭಂಗಿಯಲ್ಲಿ ಫಾರ್ಮ್ಯಾಟ್ ಮಾಡಿದ್ದರೋ ಅದೇ ಭಂಗಿಯಲ್ಲಿ ಕೂರಿಸುವುದೂ ಒಳ್ಳೆಯದು. ಮಲಗಿಸಿ ಬರೆದದ್ದನ್ನು ಮಲಗಿಸಿಯೇ ಓದಿ. ಎಸ್‌ಟಿ-225 ವಿದ್ಯುತ್ ಆರಿಸಿದಾಗ ತಲೆಯನ್ನು ತಾನಾಗಿ ಸುರಕ್ಷಿತ ಜಾಗಕ್ಕೆ ಸರಿಸಿಕೊಳ್ಳುವುದಿಲ್ಲ. ಯಂತ್ರವನ್ನು ಎತ್ತುವ ಮೊದಲು ಪಾರ್ಕ್ ಆಜ್ಞೆ ಕೊಡಬೇಕು. ಮಡಿಕೇರಿಯಿಂದ ವಿರಾಜಪೇಟೆಗೆ ನಮ್ಮ ತಿರುವು ರಸ್ತೆಯಲ್ಲಿ ಜೀಪಿನ ಹಿಂದೆ ಹಾಕಿಕೊಂಡು ಬರುವವರು ಇದನ್ನು ಮರೆಯಬಾರದು.

ಇನ್ನು ಸ್ಕ್ರೂ. ಕೆಲಸದ ಅರ್ಧ ಜೀವ ಇಲ್ಲಿದೆ. ಹಳೆಯ ಡ್ರೈವುಗಳಲ್ಲಿ ಎರಡು ಬಗೆಯ ಥ್ರೆಡ್ ಬರುತ್ತದೆ. ಹಾರ್ಡ್ ಡಿಸ್ಕುಗಳಿಗೆ ಬಹುಪಾಲು ಅಮೆರಿಕದ ಇಂಚು ಲೆಕ್ಕದ 6-32, ಎಂದರೆ ಸುಮಾರು 3.5 ಮಿಲಿಮೀಟರ್ ದಪ್ಪ, ಇಂಚಿಗೆ 32 ಥ್ರೆಡ್. ಮೂರೂವರೆ ಇಂಚಿನ ಫ್ಲಾಪಿ ಡ್ರೈವಿಗೂ ಸಿಡಿ ಡ್ರೈವಿಗೂ ಮೆಟ್ರಿಕ್ ಎಂ-3, ಎಂದರೆ 3 ಮಿಲಿಮೀಟರ್ ದಪ್ಪ, ಅರ್ಧ ಮಿಲಿಮೀಟರಿಗೊಂದು ಥ್ರೆಡ್. ಐದೂಕಾಲು ಇಂಚಿನ ಫ್ಲಾಪಿ ಡ್ರೈವುಗಳಲ್ಲಿ ಎರಡೂ ಕಾಣಸಿಗುತ್ತವೆ, ನೋಡಿಯೇ ಹೇಳಬೇಕು. ಎಂ-3 ಸ್ಕ್ರೂವನ್ನು 6-32ರ ತೂತಿಗೆ ಹಾಕಿದರೆ ಸುಮ್ಮನೆ ಒಳಹೋಗಿ ಹಿಡಿತವಿಲ್ಲದೆ ಅಲ್ಲಾಡುತ್ತದೆ. 6-32ನ್ನು ಎಂ-3ರ ತೂತಿಗೆ ಹಾಕಿದರೆ ಮೊದಲ ಸುತ್ತಿಗೇ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಸ್ಕ್ರೂಡ್ರೈವರಿನ ಬಲ ತೋರಿಸಿದವರು ಡ್ರೈವಿನ ಥ್ರೆಡ್ ಹಾಳುಮಾಡುತ್ತಾರೆ. ಥ್ರೆಡ್ ಗೇಜ್ ಇಲ್ಲದಿದ್ದರೆ ಸ್ಕ್ರೂವಿನ ಪಕ್ಕ ಸ್ಕೇಲ್ ಇಟ್ಟು ಎಣಿಸಿ. 10 ಮಿಲಿಮೀಟರಿಗೆ ಎಂ-3ಯಲ್ಲಿ 20 ಥ್ರೆಡ್, 6-32ರಲ್ಲಿ ಹನ್ನೆರಡೂವರೆಯಷ್ಟು.

ಹಳೆಯ ರೇಡಿಯೊ ರಿಪೇರಿಯವರ ಡಬ್ಬಿಯಲ್ಲಿ ಇನ್ನೊಂದು ವರ್ಗ ಸಿಗುತ್ತದೆ, ಬ್ರಿಟಿಷರ ಬಿಎ ಥ್ರೆಡ್. ಅದರಲ್ಲಿ 4 ಬಿಎ ಸ್ಕ್ರೂ ದಪ್ಪದಲ್ಲಿ 6-32ಕ್ಕೆ ಬಹಳ ಹತ್ತಿರ, ಥ್ರೆಡ್ ಮಾತ್ರ ಬೇರೆ. ಕೈಯಲ್ಲಿ ಹಿಡಿದಾಗ ಎರಡೂ ಒಂದೇ ಎನಿಸುತ್ತವೆ. ನಿಯಮ ಸರಳ: ಬೆರಳಿನಲ್ಲೇ ಎರಡು ಸುತ್ತು ಸಲೀಸಾಗಿ ಒಳಹೋದರೆ ಅದೇ ಸ್ಕ್ರೂ, ಹೋಗದಿದ್ದರೆ ಅಲ್ಲ. 6-32ನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ ಪ್ರಯೋಜನವಿಲ್ಲ. ಊರಿನ ಕಂಪ್ಯೂಟರ್ ರಿಪೇರಿ ಅಂಗಡಿಯ ಸ್ಕ್ರೂ ಡಬ್ಬಿಯನ್ನು ಕೇಳಿ ನೋಡಿ. ಡೆಸ್ಕ್‌ಟಾಪ್ ಪೆಟ್ಟಿಗೆಗಳ ಮುಚ್ಚಳಕ್ಕೂ ಅದೇ ಥ್ರೆಡ್ ಇರುವುದರಿಂದ ಅಲ್ಲಿ ಬೇಕಾದಷ್ಟು ಬಿದ್ದಿರುತ್ತವೆ. ಉದ್ದದ ಮೇಲೂ ಕಣ್ಣಿರಲಿ. ಡ್ರೈವಿನೊಳಗೆ ಮೂರು ಮಿಲಿಮೀಟರಿನಷ್ಟು ಹಿಡಿದರೆ ಸಾಕು. ಉದ್ದದ ಸ್ಕ್ರೂ ಒಳಗಿನ ಸರ್ಕ್ಯೂಟ್ ಬೋರ್ಡನ್ನು ಚುಚ್ಚಬಹುದು. ದಪ್ಪ ತಗಡಿಗೆ ಉದ್ದ ಸ್ಕ್ರೂ, ತೆಳು ತಗಡಿಗೆ ಗಿಡ್ಡ ಸ್ಕ್ರೂ ಎಂದು ಲೆಕ್ಕ ಹಾಕಿಕೊಂಡೇ ಕೊಳ್ಳಬೇಕು.

ಈಗ ಪಟ್ಟಿ ಮಾಡುವ ಕೆಲಸ. ಹೆಚ್ಚಾಗಿ ಬೇಕಾಗುವುದು ಐದೂಕಾಲು ಇಂಚಿನ ಖಾಲಿ ಜಾಗದಲ್ಲಿ ಮೂರೂವರೆ ಇಂಚಿನ ಡ್ರೈವ್ ಕೂರಿಸುವ ಬ್ರ್ಯಾಕೆಟ್. ಐದೂಮುಕ್ಕಾಲು ಇಂಚಿನಲ್ಲಿ ನಾಲ್ಕು ಇಂಚು ಕಳೆಯಿರಿ, ಉಳಿಯುವುದು ಒಂದೂಮುಕ್ಕಾಲು. ಎರಡು ಪಕ್ಕಕ್ಕೆ ಹಂಚಿದರೆ ಒಂದೊಂದು ಕಡೆ ಇಂಚಿನ ಎಂಟರಲ್ಲಿ ಏಳು ಭಾಗ, 22.2 ಮಿಲಿಮೀಟರ್. ಬಡಗಿಗಳ ಲೆಕ್ಕದಲ್ಲಿ ಏಳು ನೂಲು. ಈ ಸಂದನ್ನು ತುಂಬುವ ವಸ್ತು ಯಾವುದಾದರೂ ಸರಿ, ಅಳತೆಗೆ ನಿಖರವಾಗಿದ್ದು ಬಾಗದಿದ್ದರೆ ಸಾಕು. ಕಿಟಕಿ ಮಾಡುವ ಅಲ್ಯೂಮಿನಿಯಂ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಉಳಿದ ತುಂಡುಗಳು ಸಿಗುತ್ತವೆ. ಒಂದು ಮಿಲಿಮೀಟರ್ ದಪ್ಪದ ಜಿ.ಐ. ಶೀಟನ್ನು ಇಂಗ್ಲಿಷ್ ಜೆಡ್ ಅಕ್ಷರದಂತೆ ಎರಡು ಕಡೆ ಮಡಚಿದರೂ ಆಗುತ್ತದೆ.

ನನಗೆ ಜಿ.ಐ. ಶೀಟೇ ಮೆಚ್ಚು. ಮೊದಲು ದಪ್ಪ ರಟ್ಟಿನಲ್ಲಿ ಅಚ್ಚು ಕತ್ತರಿಸಬೇಕು. ಮದುವೆ ಕಾಗದದ ರಟ್ಟು ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ರಟ್ಟಿನಲ್ಲಿ ಡ್ರೈವ್ ಕೂತು, ಮುಂಭಾಗ ಪೆಟ್ಟಿಗೆಯ ಮುಖಕ್ಕೆ ಸಮವಾಗಿ ಬಂತು ಎಂದಾದ ಮೇಲೆ ತಗಡಿನ ಮೇಲೆ ಗೀಟು ಹಾಕಬೇಕು. ಮಡಚುವ ಕಡೆ ತಗಡಿನ ದಪ್ಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಎರಡು ಮಡಿಕೆಗೆ ಎರಡು ಮಿಲಿಮೀಟರ್ ಹೆಚ್ಚುಕಡಿಮೆಯಾಗಿ ಡ್ರೈವ್ ಒಳಗೇ ಹೋಗುವುದಿಲ್ಲ. ವೈಸ್‌ನಲ್ಲಿ ಎರಡು ಮರದ ತುಂಡುಗಳ ನಡುವೆ ತಗಡನ್ನು ಹಿಡಿಸಿ, ಇನ್ನೊಂದು ಮರದ ತುಂಡು ಇಟ್ಟು ಬಡಿದರೆ ಮಡಿಕೆ ನೇರವಾಗಿ ಬರುತ್ತದೆ. ತೂತು ಕೊರೆಯುವ ಮೊದಲು ಪಂಚ್ ಹೊಡೆಯಲೇಬೇಕು, ಇಲ್ಲದಿದ್ದರೆ ಡ್ರಿಲ್ಲಿನ ತುದಿ ಜಾರಿ ಅರ್ಧ ಮಿಲಿಮೀಟರ್ ಆಚೆ ಹೋಗುತ್ತದೆ. ಸ್ಕ್ರೂ ಹೋಗುವ ಜಾಗದಲ್ಲಿ ಗುಂಡು ತೂತಿಗಿಂತ, ಅರದಿಂದ ಉಜ್ಜಿ ಉದ್ದವಾಗಿಸಿದ ತೂತು ಮೇಲು. ಡ್ರೈವನ್ನು ಹಿಂದೆ ಮುಂದೆ ಸರಿಸಿ ಮುಖ ಹೊಂದಿಸಲು ಅದೇ ದಾರಿ. ತಗಡಿನಲ್ಲೇ ಥ್ರೆಡ್ ಬೇಕಿದ್ದರೆ ಎಂ-3 ಟ್ಯಾಪಿಗೆ 2.5 ಮಿಲಿಮೀಟರ್ ಡ್ರಿಲ್, 6-32ಕ್ಕೆ 2.7. ಒಂದು ಮಿಲಿಮೀಟರ್ ತಗಡಿನಲ್ಲಿ ಎರಡು ಥ್ರೆಡ್ ಕೂಡ ಸರಿಯಾಗಿ ನಿಲ್ಲುವುದಿಲ್ಲವಾದ್ದರಿಂದ ಹಿಂದೆ ನಟ್ ಇಡುವುದೇ ಭದ್ರ.

ಎಟಿ ಮಾದರಿಯ ಜಾರುವ ರೈಲಿಗೆ ತಗಡು ಒಗ್ಗುವುದಿಲ್ಲ. ಅದಕ್ಕೆ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುವ ಹೈಲಮ್ ಶೀಟ್ ಒಳ್ಳೆಯದು. ಗರಗಸದಲ್ಲಿ ಕೊಯ್ಯಬಹುದು, ಅರದಲ್ಲಿ ಉಜ್ಜಬಹುದು, ಬಿಸಿಗೆ ಮೆತ್ತಗಾಗುವುದಿಲ್ಲ. ಸ್ಕ್ರೂ ತಲೆ ಮೇಲೆದ್ದು ಪೆಟ್ಟಿಗೆಯ ಜಾಡಿಗೆ ಉಜ್ಜದಂತೆ ಕುಳಿ ತೆಗೆದು ಸಿ.ಎಸ್‌.ಕೆ. ಸ್ಕ್ರೂ ಹಾಕಬೇಕು. ಹೈಲಮ್ ವಿದ್ಯುತ್ ಹರಿಸುವುದಿಲ್ಲ ಎಂಬುದು ನೆನಪಿರಲಿ. ಮೂಲ ಯಂತ್ರದಲ್ಲಿ ಡ್ರೈವಿನ ಚೌಕಟ್ಟು ಲೋಹದ ಮೂಲಕ ಪೆಟ್ಟಿಗೆಗೆ ಅರ್ತ್ ಆಗಿದ್ದರೆ, ಈಗ ಆ ದಾರಿ ಕಡಿದಂತೆ. ಹಳೆಯ ಹಾರ್ಡ್ ಡಿಸ್ಕುಗಳ ಹಿಂದೆ ಅರ್ತ್ ತಂತಿಗೆಂದೇ ಚಪ್ಪಟೆ ನಾಲಿಗೆಯೊಂದಿರುತ್ತದೆ. ಅಲ್ಲಿಂದ ಪೆಟ್ಟಿಗೆಗೆ ತಂತಿ ಎಳೆದರೆ ಆಯಿತು. ಮರದ ಪಟ್ಟಿ ಮಾಡುವವರಿಗೂ ಇದೇ ಮಾತು. ತೋಟದ ಸಿಲ್ವರ್ ಓಕ್ ತುಂಡಿನಲ್ಲಿ ಸುಂದರವಾದ ಪಟ್ಟಿ ಮಾಡಬಹುದು, ಆದರೆ ನಮ್ಮ ಮಳೆಗಾಲದಲ್ಲಿ ಮರ ಹಿಗ್ಗುತ್ತದೆ. ಹಗುರ ಡ್ರೈವಿಗೆ ಆದೀತು, ಭಾರದ ಹಾರ್ಡ್ ಡಿಸ್ಕಿಗೆ ಬೇಡ.

ಮಳೆಗಾಲದ ಮಾತು ಬಂತು. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬಟ್ಟೆಯೂ ಒಣಗುವುದಿಲ್ಲ. ಫ್ಲಾಪಿಯ ಮೇಲೆ ಬೂಷ್ಟು ಹಿಡಿಯುತ್ತದೆ, ಅಂಥ ಫ್ಲಾಪಿ ಹಾಕಿದರೆ ಡ್ರೈವಿನ ತಲೆ ಕೊಳೆಯಾಗಿ ಮುಂದಿನ ಫ್ಲಾಪಿಯೂ ಹಾಳು. ಜಿ.ಐ. ಶೀಟಿನ ಮೇಲೆ ಸತುವಿನ ಹೊದಿಕೆ ಇದ್ದರೂ ಕತ್ತರಿಸಿದ ಅಂಚಿನಲ್ಲಿ ಕಬ್ಬಿಣ ಬಯಲಾಗಿರುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದ. ಅಂಚಿಗೆ ರೆಡ್ ಆಕ್ಸೈಡ್ ಬಳಿದು, ಚೆನ್ನಾಗಿ ಒಣಗಿದ ಮೇಲೆ ಬಣ್ಣ ಹಚ್ಚಬೇಕು. ಕೊರೆಯುವ, ಉಜ್ಜುವ ಕೆಲಸ ಯಾವತ್ತೂ ಕಂಪ್ಯೂಟರಿನಿಂದ ದೂರ, ಇನ್ನೊಂದು ಕೋಣೆಯಲ್ಲಿ. ಕಬ್ಬಿಣದ ಪುಡಿಯ ಒಂದು ಎಳೆ ಬೋರ್ಡಿನ ಎರಡು ಕಾಲುಗಳ ನಡುವೆ ಬಿದ್ದರೂ ಯಂತ್ರ ಸುಟ್ಟೀತು.

ಇವತ್ತಿನ ಸುಲಭದ ದಾರಿ ತ್ರೀ-ಡಿ ಪ್ರಿಂಟರ್. ನಿಜವಾಗಿ ಒಳ್ಳೆಯ ದಾರಿ, ಮುಖ್ಯವಾಗಿ ಸೊಟ್ಟ ಸೊಟ್ಟ ಆಕಾರದ ಪ್ಲಾಸ್ಟಿಕ್ ತಟ್ಟೆಗಳಿಗೆ. ಫ್ರೀಕ್ಯಾಡ್, ಓಪನ್‌ಎಸ್‌ಕ್ಯಾಡ್‌ನಂತಹ ಉಚಿತ ತಂತ್ರಾಂಶದಲ್ಲಿ ಚಿತ್ರ ಬರೆಯಬಹುದು. ಪ್ರಿಂಟರಿನಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ. ಎಸ್‌ಟಿ-225 ಸುಮಾರು 15 ವಾಟ್ ವಿದ್ಯುತ್ ತಿಂದು ಬಿಸಿಯಾಗುವ ಯಂತ್ರ. ಅದನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಪಿಎಲ್‌ಎ ಮೇಲೆ ಕೂರಿಸಿದರೆ ಪಟ್ಟಿ ನಿಧಾನಕ್ಕೆ ಜೋತುಬೀಳುತ್ತದೆ. ಪಿಇಟಿಜಿ 80ರ ಸುಮಾರಿಗೆ, ಎಬಿಎಸ್ 100 ದಾಟಿ ಮೆತ್ತಗಾಗುವಂಥವು, ಅವನ್ನು ಬಳಸಬೇಕು. ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ದಾರ ಗಾಳಿಯ ತೇವ ಹೀರುತ್ತದೆ, ಆಷಾಢದಲ್ಲಿ ಪ್ರಿಂಟ್ ಮಾಡುವವರು ದಾರವನ್ನು ಒಣಗಿಸಿಕೊಂಡೇ ಮಾಡಬೇಕು. ಫ್ಲಾಪಿಯ ಬದಲು ಯುಎಸ್‌ಬಿ ಕಡ್ಡಿ ಓದುವ ಗೋಟೆಕ್, ಹಾರ್ಡ್ ಡಿಸ್ಕಿನ ಬದಲು ಮೆಮೊರಿ ಕಾರ್ಡ್ ಹಾಕುವ ಅಡಾಪ್ಟರ್ ಇಂಥ ಹಗುರ ಸಾಮಾನುಗಳಿಗೆ ಯಾವ ಪ್ಲಾಸ್ಟಿಕ್ ಆದರೂ ನಡೆಯುತ್ತದೆ.

ಆದರೂ ಲೋಹದ ಕೆಲಸಕ್ಕೆ ವಿರಾಜಪೇಟೆಯಂಥ ಊರು ಸಿಗುವುದು ಅದೃಷ್ಟ. 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಈ ಪೇಟೆಗೆ ಇವತ್ತಿಗೂ ರೈಲಿಲ್ಲ, ಇಡೀ ಜಿಲ್ಲೆಗೇ ಇಲ್ಲ. ಬೇಕಾದ ಬಿಡಿಭಾಗ ಮೈಸೂರಿನಿಂದಲೋ, ಮಾಕುಟ್ಟ ಘಾಟಿ ಹತ್ತಿ ಕೇರಳದಿಂದಲೋ ರಸ್ತೆಯಲ್ಲೇ ಬರಬೇಕು. ಕೊಯ್ಲಿನ ಹೊತ್ತಿನಲ್ಲಿ ಯಂತ್ರ ಕೆಟ್ಟರೆ ಕಾಯುತ್ತ ಕೂರಲಾಗದು. ಆದ್ದರಿಂದ ಇಲ್ಲೇ ಮಾಡುವ ಕೈಗಳು ಬೆಳೆದವು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಲ್ಲಿ ಡಿಸ್ಕಿಗೂ ಅದರ ಎದುರಿನ ಪಟ್ಟಿಗೂ ಇರುವ ಸಂದನ್ನು ಹಣ್ಣಿನ ಗಾತ್ರ ನೋಡಿ ಹೊಂದಿಸದಿದ್ದರೆ ಬೀಜ ಕತ್ತರಿಸಿಹೋಗುತ್ತದೆ. ಅಂಥ ಯಂತ್ರ ರಿಪೇರಿ ಮಾಡುವವರಿಗೆ ಮಿಲಿಮೀಟರಿನ ಅರ್ಧ, ಕಾಲು ಎಂದರೆ ಏನೆಂದು ವಿವರಿಸಿ ಹೇಳಬೇಕಿಲ್ಲ. ಅದಕ್ಕೂ ಹಿಂದೆ ಹೋದರೆ, ಕೊಡವ ಭಾಷೆಯಾಡುವ ಐರಿ ಸಮುದಾಯದವರು ತಲೆಮಾರುಗಳಿಂದ ಕಬ್ಬಿಣದ ಮತ್ತು ಮರದ ಕೆಲಸ ಮಾಡುತ್ತ ಬಂದವರು. ಸೆಪ್ಟೆಂಬರ್‌ನ ಕೈಲ್‌ಪೋಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಸಲ್ಲಿಸುವ ನಾಡಿನಲ್ಲಿ ಕಬ್ಬಿಣದ ಕೆಲಸಕ್ಕೆ ಗೌರವವಿದೆ.

ಲೇತ್ ಅಂಗಡಿಯವರ ಮುಂದೆ ಡ್ರೈವನ್ನೂ ರಟ್ಟಿನ ಅಚ್ಚನ್ನೂ ಇಟ್ಟಾಗ ಅವರು ಮೊದಲು ಕೇಳಿದ್ದು, “ಯಾವ ಮೆಷಿನ್ನಿಂದು ಸಾರ್?” ಎರಡನೆಯದು, “ಲೂಸ್ ಬೇಕಾ, ಟೈಟ್ ಬೇಕಾ?” ನಾನು ಕಂಡಂತೆ ಬ್ರ್ಯಾಕೆಟ್ ವಿಷಯದಲ್ಲಿ ಕೇಳಬೇಕಾದ ಅತ್ಯಂತ ಮುಖ್ಯ ಪ್ರಶ್ನೆ ಅದು. ಪೆಟ್ಟಿಗೆಗೂ ಪಟ್ಟಿಗೂ ನಡುವೆ ಅರ್ಧ ಮಿಲಿಮೀಟರ್ ಸಡಿಲ ಇರಬೇಕು, ಡ್ರೈವಿಗೂ ಪಟ್ಟಿಗೂ ನಡುವೆ ಏನೂ ಇರಬಾರದು. ಅಷ್ಟು ಹೇಳಿದರೆ ಸಾಕು, ಉಳಿದದ್ದನ್ನು ಅವರೇ ಮಾಡುತ್ತಾರೆ. ಡ್ರೈವನ್ನು ಅಂಗಡಿಯಲ್ಲಿ ಬಿಟ್ಟುಬರುವ ಬದಲು ಅದೇ ಅಳತೆಯ ಕೆಟ್ಟ ಡಿವಿಡಿ ಡ್ರೈವನ್ನು ಮಾದರಿಯಾಗಿ ಕೊಡಿ. ತೂತುಗಳು ಅದೇ ಜಾಗದಲ್ಲಿರುತ್ತವೆ, ಪುಡಿ ಬಿದ್ದರೂ ನಷ್ಟವಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿಯಾಗುವುದಿಲ್ಲ. ಪಟ್ಟಿ ಸರಿಹೊಂದದಿದ್ದರೆ ಪಟ್ಟಿಯನ್ನು ಮತ್ತೆ ಮಾಡಿ, ಹಳೆಯ ಕಂಪ್ಯೂಟರಿನ ಪೆಟ್ಟಿಗೆಗೆ ಹೊಸ ತೂತು ಕೊರೆಯಬೇಡಿ. ಪಟ್ಟಿಯನ್ನು ನಾಳೆ ಬದಲಿಸಬಹುದು. ಪೆಟ್ಟಿಗೆಗೆ ಬಿದ್ದ ತೂತು ಶಾಶ್ವತ, ಮುಂದೆ ಮೂಲ ಪಟ್ಟಿ ಸಿಕ್ಕರೂ ಆ ಗಾಯ ಉಳಿಯುತ್ತದೆ. ಮಾಡಿಸಿದ ಪಟ್ಟಿಯ ಮೇಲೆ ಯಂತ್ರದ ಹೆಸರು, ಸ್ಕ್ರೂವಿನ ಥ್ರೆಡ್, ಉದ್ದ ಇಷ್ಟನ್ನು ಮಾರ್ಕರಿನಲ್ಲಿ ಬರೆದಿಡಿ.

ಪೊನ್ನಂಪೇಟೆಯಲ್ಲಿ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ, ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಮನೆಯ ಅಟ್ಟದಲ್ಲಿರುವ ಒಂದೊಂದು ಯಂತ್ರದ ಪಟ್ಟಿಯನ್ನು ಅಳೆದು, ಚಿತ್ರ ಬರೆದು, ಬೇಕಾದವರಿಗೆ ಸಿಗುವಂತೆ ಇಡಬಹುದು. ಕ್ಯಾಲಿಪರ್ ಹಿಡಿಯಲು ಕಲಿಯುವವರಿಗೆ ಇದಕ್ಕಿಂತ ಉಪಯುಕ್ತ ಅಭ್ಯಾಸ ಬೇರೆ ಇಲ್ಲ. ಉಳಿದವರಲ್ಲಿ ನನ್ನ ಕೋರಿಕೆ ಚಿಕ್ಕದು: ಬ್ಯಾಂಕು, ಸಂಘ, ಶಾಲೆ, ತೋಟದ ಕಚೇರಿ ಎಲ್ಲಿಯೇ ಆಗಲಿ, ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಅದರ ರೈಲು, ಪಟ್ಟಿ, ಸ್ಕ್ರೂಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಡ್ರೈವಿನ ಜೊತೆಗೇ ಕಟ್ಟಿಡಿ.